ಮ್ಯಾಪ್ ಸರಿಯಿದೆ, ಲ್ಯಾಕ್ಟೇಟ್ ಏರುತ್ತಿದೆ: ನಂಜಿನಲ್ಲಿ ಗುಂಡಿಗೆ ಕೈಕೊಟ್ಟಿದ್ದನ್ನು ಪತ್ತೆ ಮಾಡೋದು ಹೇಗೆ?

ರಾತ್ರಿ 2 ಗಂಟೆಗೆ ಫೋನ್ ಬಂತು. "ಸರ್, ಆ ಸೆಪ್ಸಿಸ್ ಪೇಷೆಂಟ್‌ದು ಮ್ಯಾಪ್ 74 ಇದೆ, ಬಿಪಿ ಪರವಾಗಿಲ್ಲ. ಆದ್ರೆ ಯೂರಿನ್ ಬರ್ತಿಲ್ಲ. ಲ್ಯಾಕ್ಟೇಟ್ 3 ಇದ್ದದ್ದು 5 ಆಗಿದೆ. ಇನ್ನೊಂದು ಬಾಟಲಿ ಹಾಕ್ಲಾ?"

ಸೆಪ್ಸಿಸ್ ಅಂದರೆ ಸೋಂಕು ಮೈಗೆಲ್ಲ ನಂಜಾಗೋದು. ಮ್ಯಾಪ್ ಅಂದರೆ ಸರಾಸರಿ ರಕ್ತದೊತ್ತಡ. ಲ್ಯಾಕ್ಟೇಟ್ ಅಂದರೆ ಕೋಶಗಳಿಗೆ ರಕ್ತ ಸಾಲದಾದಾಗ ರಕ್ತದಲ್ಲಿ ಏರುವ ವಸ್ತು. ನಿದ್ದೆಗಣ್ಣಲ್ಲಿ "ಹಾಕಿ" ಅಂದುಬಿಟ್ಟೆ. ಮುಕ್ಕಾಲು ಗಂಟೆ ಬಿಟ್ಟು ಮತ್ತೆ ಫೋನ್. ಈ ಸಲ ಉಸಿರಾಟ ನಿಮಿಷಕ್ಕೆ 34, ಆಕ್ಸಿಜನ್ 86, ಎರಡೂ ಕಡೆ ಎದೆ ಗೊರಗೊರ. ಎದ್ದು ಓಡಿದೆ.

ಐವತ್ತೆಂಟರ ಹೆಂಗಸು, 60 ಕೆಜಿ, ಸಕ್ಕರೆ ಕಾಯಿಲೆ. ಮೂತ್ರದ ಸೋಂಕು ಕಿಡ್ನಿಗೆ ಹತ್ತಿ, ಅಲ್ಲಿಂದ ರಕ್ತಕ್ಕೆ ನಂಜಾಗಿತ್ತು. ಬಂದ ಮೊದಲ ಗಂಟೆಯಲ್ಲೇ ಬ್ಲಡ್ ಕಲ್ಚರ್ ತೆಗೆದು ಆಂಟಿಬಯಾಟಿಕ್ ಹಾಕಿದ್ದರು. ಎರಡು ಲೀಟರ್ ಆರ್‌ಎಲ್ ಡ್ರಿಪ್ ಹೋಗಿತ್ತು. ರಕ್ತನಾಳ ಬಿಗಿಮಾಡಿ ಬಿಪಿ ಏರಿಸುವ ನಾರ್‌ಅಡ್ರಿನಲಿನ್ (ನಾರ್‌ಅಡ್) ಓಡುತ್ತಿತ್ತು. ಪುಸ್ತಕದಲ್ಲಿ ಇರೋದೆಲ್ಲ ಮಾಡಿದ್ದರು. ಕೈ ಹಿಡಿದು ನೋಡಿದೆ. ಮೊಣಕೈವರೆಗೆ ಐಸ್. ಮಂಡಿ ಮೇಲೆ ನೇರಳೆ ಬಣ್ಣದ ಬಲೆ ಬಲೆ ಮಚ್ಚೆ. ಮಾನಿಟರಿನಲ್ಲಿ 86/68.

ಆ ಎರಡು ಅಂಕಿಗಳಲ್ಲೇ ಉತ್ತರ ಇತ್ತು. ಫೋನಿನಲ್ಲಿ ನಾನು ಮ್ಯಾಪ್ ಮಾತ್ರ ಕೇಳಿಸಿಕೊಂಡಿದ್ದೆ.

ಇದನ್ನು ರಾತ್ರಿ ಡ್ಯೂಟಿ ಮಾಡುವ ಡಾಕ್ಟರ್‌ಗಳಿಗೆ, ಐಸಿಯು ಸಿಸ್ಟರ್‌ಗಳಿಗೆ ಅಂತ ಬರೆಯುತ್ತಿದ್ದೇನೆ. ಮನೆಯಲ್ಲಿ ಮಾಡುವ ಕೆಲಸ ಇದಲ್ಲ.

ದೋಷ ಎಲ್ಲೆಲ್ಲಿ ಇರಬಹುದು?

ತೋಟದ ಪಂಪ್‌ಸೆಟ್ ನೀರು ಎತ್ತದಿದ್ದರೆ ಮೊದಲು ಬಾವಿ ಇಣುಕುತ್ತೇವೆ. ಆಮೇಲೆ ಪೈಪ್ ಎಲ್ಲಿ ಒಡೆದಿದೆ ನೋಡುತ್ತೇವೆ. ಕೊನೆಗೆ ಮೋಟಾರ್. ಶಾಕ್‌ನಲ್ಲೂ, ಅಂದರೆ ಅಂಗಾಂಗಗಳಿಗೆ ರಕ್ತ ಸಾಲದಾದಾಗಲೂ, ಅಷ್ಟೇ: ನೀರು ಕಡಿಮೆಯೋ, ರಕ್ತನಾಳ ಸಡಿಲವಾಗಿದೆಯೋ, ಗುಂಡಿಗೆ ಒತ್ತುತ್ತಿಲ್ಲವೋ. ಸೆಪ್ಸಿಸ್‌ನ ತಂಟೆ ಏನೆಂದರೆ ಮೂರೂ ಒಟ್ಟಿಗೆ ಕೆಡಬಹುದು, ಅದೂ ಒಂದಾದ ಮೇಲೊಂದು. ಸಂಜೆ ನೀರಿನ ಕೊರತೆ ಇದ್ದ ರೋಗಿಗೆ ರಾತ್ರಿ ಗುಂಡಿಗೆಯ ತೊಂದರೆ ಶುರುವಾಗಿರುತ್ತದೆ. ನಾವು ಸಂಜೆಯ ಲೆಕ್ಕದಲ್ಲೇ ಬಾಟಲಿ ಏರಿಸುತ್ತಾ ಇರುತ್ತೇವೆ.

ಶುರು ಮಾಡುವ ಮೊದಲು ಯಂತ್ರಗಳನ್ನು ನಂಬಬಹುದಾ ನೋಡಿ. ನಗಬೇಡಿ, ತ್ರೀ-ವೇ (ಲೈನಿನ ತಿರುಗಿಸುವ ನಲ್ಲಿ) ಮುಚ್ಚಿಟ್ಟು ಅರ್ಧ ಗಂಟೆ ನಾರ್‌ಅಡ್ ಏರಿಸಿದವರನ್ನು ಕಂಡಿದ್ದೇನೆ. ಸಿರಿಂಜ್ ಪಂಪ್‌ನಿಂದ ರೋಗಿಯವರೆಗೆ ಲೈನ್ ಮೇಲೆ ಬೆರಳು ಆಡಿಸಿಕೊಂಡು ಹೋಗಿ. ಕೈಯ ವೆನ್‌ಫ್ಲಾನ್ (ಡ್ರಿಪ್ ಸೂಜಿ) ಜಾಗ ಊದಿದೆಯಾ? ಬಿಪಿ ಕಫ್ ತೋಳಿಗೆ ಸರಿಯಾದ ಅಳತೆಯದ್ದಾ? ಆರ್ಟೀರಿಯಲ್ ಲೈನ್ ಇದ್ದರೆ ಅದರ ಒತ್ತಡ ಅಳೆಯುವ ಟ್ರಾನ್ಸ್‌ಡ್ಯೂಸರ್ ಗುಂಡಿಗೆಯ ಮಟ್ಟದಲ್ಲಿದೆಯಾ, ಅಲೆ ಚಪ್ಪಟೆಯಾಗಿದೆಯಾ? ಇನ್ನೊಂದು ವಿಷಯ, "ನಾರ್‌ಅಡ್ 9ರಲ್ಲಿ ಓಡ್ತಿದೆ" ಅನ್ನೋ ಮಾತಿಗೆ ಅರ್ಥವೇ ಇಲ್ಲ. 50 ಎಂಎಲ್‌ನಲ್ಲಿ 4 ಎಂಜಿ ಇದ್ದರೆ, 60 ಕೆಜಿ ರೋಗಿಗೆ ಗಂಟೆಗೆ 9 ಎಂಎಲ್ ಅಂದರೆ ನಿಮಿಷಕ್ಕೆ ಕೆಜಿಗೆ 0.2 ಮೈಕ್ರೋಗ್ರಾಂ. ಸಿರಿಂಜಿನಲ್ಲಿ 8 ಎಂಜಿ ಇದ್ದರೆ ಅದರ ಎರಡರಷ್ಟು. ಫೋನಿನಲ್ಲಿ ಡೋಸ್ ಹೇಳಿ, ಎಂಎಲ್ ಹೇಳಬೇಡಿ.

ಮೊದಲು ಕೈ, ಆಮೇಲೆ ಮಾನಿಟರ್

ರೋಗಿಯ ತೋರುಬೆರಳ ತುದಿಯನ್ನು ಬಿಳಿಚುವಷ್ಟು ಒತ್ತಿ 10 ಸೆಕೆಂಡ್ ಹಿಡಿಯಿರಿ. ಬಿಡಿ. ಬಣ್ಣ ಮರಳಲು 3 ಸೆಕೆಂಡಿಗಿಂತ ಜಾಸ್ತಿ ಬೇಕಾದರೆ ರಕ್ತ ತುದಿಗೆ ತಲುಪುತ್ತಿಲ್ಲ. ಗಡಿಯಾರ ನೋಡಿಕೊಂಡೇ ಮಾಡಿ. ಮನಸ್ಸಿನಲ್ಲಿ ಎಣಿಸಿದರೆ ಎಲ್ಲರಿಗೂ 2 ಸೆಕೆಂಡೇ ಬರುತ್ತದೆ! 2019ರಲ್ಲಿ ಬಂದ ಆಂಡ್ರೊಮೆಡಾ-ಶಾಕ್ ಅಧ್ಯಯನ ಈ ಬೆರಳ ಪರೀಕ್ಷೆಯನ್ನು ಲ್ಯಾಕ್ಟೇಟ್ ಜೊತೆ ಹೋಲಿಸಿ ನೋಡಿತ್ತು. ಬೆರಳು ಹಿಂದೆ ಬೀಳಲಿಲ್ಲ. ಲ್ಯಾಬ್ ಇಲ್ಲದ ತಾಲ್ಲೂಕು ಆಸ್ಪತ್ರೆಯಲ್ಲೂ ಬೆರಳು ಇದ್ದೇ ಇರುತ್ತಲ್ವಾ?

ಈಗ ಬಿಪಿಯ ಎರಡೂ ಅಂಕಿ ನೋಡಿ. ಸೆಪ್ಟಿಕ್ ಶಾಕ್‌ನ ಮಾಮೂಲಿ ಚಿತ್ರ 84/38ರ ಥರ ಇರುತ್ತದೆ. ಕೆಳಗಿನ ಅಂಕಿ ನೆಲ ಕಚ್ಚಿದೆ, ಎರಡರ ನಡುವೆ 46ರ ಅಂತರ. ಕೈ ಬೆಚ್ಚಗೆ, ನಾಡಿ ಪುಟಿಯುತ್ತದೆ. ಇದು ರಕ್ತನಾಳ ಸಡಿಲವಾದ ಕೇಸು, ನಾರ್‌ಅಡ್‌ಗೆ ಬಗ್ಗುತ್ತದೆ. ನಮ್ಮ ಹೆಂಗಸಿನದು 86/68. ಅಂತರ ಬರೀ 18. ಮೇಲಿನ ಅಂಕಿಯ ಕಾಲು ಭಾಗಕ್ಕಿಂತ ಅಂತರ ಕಡಿಮೆ ಆದರೆ ಗುಂಡಿಗೆ ಒಂದು ಬಡಿತಕ್ಕೆ ಹೊರಹಾಕುವ ರಕ್ತ ಕಡಿಮೆಯಾಗಿದೆ ಅಂತ ಅನುಮಾನ ಪಡಬೇಕು. ಮ್ಯಾಪ್ 74 ಬಂದದ್ದು ನಾರ್‌ಅಡ್ ನಾಳಗಳನ್ನು ಹಿಂಡಿದ್ದರಿಂದ. ಒತ್ತಡ ಇತ್ತು, ಹರಿವು ಇರಲಿಲ್ಲ. ನಲ್ಲಿ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದು "ನೀರು ಜೋರಾಗಿ ಬರ್ತಿದೆ" ಅಂದ ಹಾಗೆ.

ಆದರೆ ಅಂತರ ಕಡಿಮೆ ಅಂದ ತಕ್ಷಣ ಗುಂಡಿಗೆಯೇ ತಪ್ಪಿತಸ್ಥ ಅಲ್ಲ. ನೀರು ಕಡಿಮೆ ಇದ್ದರೂ ಹೀಗೇ ಕಾಣುತ್ತದೆ. ಗುಂಡಿಗೆಯ ಸುತ್ತ ನೀರು ತುಂಬಿದ್ದರೂ, ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು ಕೂತಿದ್ದರೂ ಹೀಗೇ. ಹಾಗಾಗಿ ಎಕೋ (ಗುಂಡಿಗೆಯ ಸ್ಕ್ಯಾನ್) ಪ್ರೋಬ್ ಇಡಲೇಬೇಕು.

ಎಕೋದಲ್ಲಿ ಏನು ನೋಡೋದು?

ಕಾರ್ಡಿಯಾಲಜಿಸ್ಟ್ ಬರಲಿ ಅಂತ ಬೆಳಗಿನವರೆಗೆ ಕಾಯಬೇಡಿ. ಪೂರ್ತಿ ವರದಿ ಬೇಕಿಲ್ಲ. ನಾಲ್ಕೇ ಪ್ರಶ್ನೆ: ಎಡಗಡೆ ಹೇಗೆ ಒತ್ತುತ್ತಿದೆ, ಬಲಗಡೆ ಊದಿದೆಯಾ, ಸುತ್ತ ನೀರಿದೆಯಾ, ಕವಾಟದ ಮೇಲೆ ಏನಾದರೂ ಅಲ್ಲಾಡುತ್ತಿದೆಯಾ.

ನಂಜಿನಿಂದ ಕೆಟ್ಟ ಗುಂಡಿಗೆ ಸಾಮಾನ್ಯವಾಗಿ ಎಲ್ಲ ಕಡೆ ಒಂದೇ ಸಮ ಸೋತಿರುತ್ತದೆ. ಒಂದು ಗೋಡೆ ಮಾತ್ರ ನಿಂತು ಉಳಿದವು ಚೆನ್ನಾಗಿ ಕುಣಿಯುತ್ತಿದ್ದರೆ ಕೊರೊನರಿ ನಾಳದ ಬ್ಲಾಕ್ ನೆನಪಿಗೆ ಬರಬೇಕು. ತುದಿ ಬಲೂನಿನಂತೆ ಊದಿ ಬುಡ ಮಾತ್ರ ಜೋರಾಗಿ ಒತ್ತುತ್ತಿದ್ದರೆ ಅದು ಟಾಕೊತ್ಸುಬೊ (ತೀವ್ರ ಒತ್ತಡದಲ್ಲಿ ಗುಂಡಿಗೆ ತಾತ್ಕಾಲಿಕವಾಗಿ ಸೋಲುವ ಕಾಯಿಲೆ). ನಮ್ಮ ರೋಗಿಯ ಎಡಗುಂಡಿಗೆ ಸ್ವಲ್ಪ ಹಿಗ್ಗಿ, ಎಲ್ಲ ಗೋಡೆಗಳೂ ಸೋಮಾರಿಯಾಗಿದ್ದವು. ಇಎಫ್ (ತುಂಬಿದ ರಕ್ತದಲ್ಲಿ ಒಂದು ಬಡಿತಕ್ಕೆ ಹೊರಹೋಗುವ ಪಾಲು) ಕಣ್ಣಳತೆಗೆ ಶೇ. 30. ಎಡಗುಂಡಿಗೆಯ ಹೊರದಾರಿಯಲ್ಲಿ ಅಳೆದ ವಿಟಿಐ, ಅಂದರೆ ಒಂದು ಬಡಿತಕ್ಕೆ ರಕ್ತ ಮುಂದೆ ಚಿಮ್ಮುವ ದೂರ, 9 ಸೆಂ.ಮೀ. ಸಾಮಾನ್ಯವಾಗಿ 18ರಿಂದ 22 ಇರಬೇಕಾದದ್ದು. ಹೊರದಾರಿ 2 ಸೆಂ.ಮೀ. ಅಗಲ ಅಂತ ಹಿಡಿದರೆ ಬಡಿತಕ್ಕೆ 28 ಎಂಎಲ್. ನಿಮಿಷಕ್ಕೆ 124 ಬಡಿದರೂ ಮೂರೂವರೆ ಲೀಟರ್. ಜ್ವರದಲ್ಲಿ ಬೇಯುತ್ತಿರುವ ಮೈಗೆ ಇದು ಯಾವ ಮೂಲೆಗೂ ಸಾಲದು.

ಇಲ್ಲಿ ಒಂದು ಮೋಸ ಇದೆ. ಬಂದ ಹೊತ್ತಿಗೆ ಮಾಡಿದ ಎಕೋದಲ್ಲಿ "ಇಎಫ್ ಶೇ. 60, ನಾರ್ಮಲ್" ಅಂತ ಬರೆದಿತ್ತು. ಅದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ನಾಳಗಳು ಸಡಿಲವಾಗಿದ್ದಾಗ ಸೋತ ಗುಂಡಿಗೆಗೂ ರಕ್ತ ಹೊರತಳ್ಳೋದು ಸುಲಭ. ಎದುರು ಒತ್ತಡವೇ ಇರೋದಿಲ್ಲ. ನಾರ್‌ಅಡ್ ಏರಿಸಿ ನಾಳ ಬಿಗಿಯಾದಾಗ ಅದರ ನಿಜ ಬಣ್ಣ ಹೊರಬೀಳುತ್ತದೆ. ಇಳಿಜಾರಿನಲ್ಲಿ ಗಾಡಿ ಚೆನ್ನಾಗಿ ಓಡಿತು ಅಂತ ಎಂಜಿನ್ ಸರಿಯಿದೆ ಅನ್ನೋಕಾಗಲ್ಲ. ಆದ್ದರಿಂದ ಎಕೋ ಒಂದು ಸಲಕ್ಕೆ ಮುಗಿಯುವ ಕೆಲಸ ಅಲ್ಲ. ನಾರ್‌ಅಡ್ ಡೋಸ್ ಗಮನಾರ್ಹವಾಗಿ ಬದಲಾದಾಗ ಮತ್ತೆ ಇಡಿ. ವರದಿಯಲ್ಲಿ ಆ ಹೊತ್ತಿನ ಬಿಪಿ, ಡೋಸ್ ಎರಡನ್ನೂ ಬರೆಯಿರಿ.

ನೀರು ಇನ್ನೂ ಬೇಕಾ ಅನ್ನೋದಕ್ಕೆ ಕಾಲೆತ್ತುವ ಪರೀಕ್ಷೆ ಸಾಕು. ರೋಗಿಯನ್ನು 45 ಡಿಗ್ರಿ ಒರಗಿಸಿ ವಿಟಿಐ ಅಳೆಯಿರಿ. ಮಂಚವನ್ನೇ ತಿರುಗಿಸಿ, ಬೆನ್ನು ಮಲಗಿಸಿ, ಕಾಲು 45 ಡಿಗ್ರಿ ಮೇಲೆ ಬರಲಿ. ಒಂದು ನಿಮಿಷದೊಳಗೆ ಮತ್ತೆ ಅಳೆಯಿರಿ. ಕಾಲಿನಿಂದ ಸುಮಾರು 300 ಎಂಎಲ್ ರಕ್ತ ಗುಂಡಿಗೆಗೆ ಬರುತ್ತದೆ. ವಿಟಿಐ ಶೇ. 10ಕ್ಕಿಂತ ಏರದಿದ್ದರೆ ಇನ್ನೊಂದು ಬಾಟಲಿ ಹೋಗೋದು ಶ್ವಾಸಕೋಶಕ್ಕೆ. ಬಿಪಿ ನೋಡಿ ತೀರ್ಮಾನಿಸಬೇಡಿ, ಕಾಲು ಕೈಯಲ್ಲಿ ಎತ್ತಬೇಡಿ. ನೋವಿಗೆ, ಗಾಬರಿಗೆ ಬಿಪಿ ಏರಿಬಿಡುತ್ತದೆ. ಫೋನಿನಲ್ಲಿ "ಹಾಕಿ" ಅನ್ನುವ ಮೊದಲು ಇಷ್ಟು ಮಾಡಿಸಿದ್ದರೆ ಆ ಹೆಂಗಸಿನ ಎದೆ ತುಂಬುತ್ತಿರಲಿಲ್ಲ.

ಟ್ರೋಪೋನಿನ್ ಜಾಸ್ತಿ ಬಂತು. ಹಾರ್ಟ್ ಅಟ್ಯಾಕಾ?

ಅವತ್ತು ಇನ್ನೊಬ್ಬ ಡಾಕ್ಟರ್ ನಮ್ಮ ರೋಗಿಯ ಟ್ರೋಪೋನಿನ್ (ಗುಂಡಿಗೆ ಸ್ನಾಯುವಿಗೆ ಪೆಟ್ಟಾದರೆ ರಕ್ತಕ್ಕೆ ಬರುವ ಪ್ರೋಟೀನ್) ಪರೀಕ್ಷೆಗೆ ಕಳಿಸಿದ್ದರು. ಪಾಸಿಟಿವ್. ಬೆಳಗಾಗುವಷ್ಟರಲ್ಲಿ ಕೇಸ್ ಶೀಟ್ ಮೇಲೆ ಹಾರ್ಟ್ ಅಟ್ಯಾಕ್ ಅಂತ ಬರೆದು, ರಕ್ತ ತೆಳು ಮಾಡುವ ಇಂಜೆಕ್ಷನ್ ಆರ್ಡರ್ ಮಾಡಿಯೂ ಆಗಿತ್ತು. ಪ್ಲೇಟ್‌ಲೆಟ್ ಬರೀ 48 ಸಾವಿರ ಇದ್ದು ರಕ್ತಸ್ರಾವದ ಭಯ ಇದ್ದ ರೋಗಿಗೆ!

ಜೋರು ಸೆಪ್ಸಿಸ್‌ನಲ್ಲಿ ಟ್ರೋಪೋನಿನ್ ಏರೋದು ತೀರಾ ಸಾಮಾನ್ಯ. ನಂಜಿನ ಉರಿಯಲ್ಲಿ ಸ್ನಾಯುಕೋಶದ ಹೊದಿಕೆ ಸೋರಿದರೂ ಅದು ರಕ್ತಕ್ಕೆ ಬರುತ್ತದೆ. ಅಂದರೆ ಗುಂಡಿಗೆಗೆ ಪೆಟ್ಟು ಬಿದ್ದಿದೆ ಅಂತ ಅರ್ಥ, ನಾಳ ಕಟ್ಟಿದೆ ಅಂತ ಅಲ್ಲ. ಏರಿದವರ ಪರಿಸ್ಥಿತಿ ಜಾಸ್ತಿ ಗಂಭೀರ ಅನ್ನೋದು ನಿಜ, ಅದನ್ನು ಎಚ್ಚರಿಕೆ ಅಂತ ತಗೊಳ್ಳಿ. ಇಸಿಜಿ 12 ಲೀಡ್ ತೆಗೆದು, ಎಸ್‌ಟಿ ಎದ್ದಿದೆಯಾ ನೋಡಿ, ಎಕೋದಲ್ಲಿ ಒಂದೇ ಗೋಡೆ ನಿಂತಿದೆಯಾ ನೋಡಿ, ಎದೆ ನೋವು ಇತ್ತಾ ಕೇಳಿ, ಕೆಲವು ಗಂಟೆ ಬಿಟ್ಟು ಟ್ರೋಪೋನಿನ್ ಮತ್ತೆ ಕಳಿಸಿ. ಇವೆಲ್ಲ ಒಂದೇ ಕಡೆ ಬೆರಳು ತೋರಿಸಿದರೆ ಮಾತ್ರ ಕ್ಯಾಥ್ ಲ್ಯಾಬ್ ಮಾತು. ಗುಂಡಿಗೆ ಹಿಗ್ಗಿದಾಗ ರಕ್ತಕ್ಕೆ ಬರುವ ಬಿಎನ್‌ಪಿಯೂ ಹೀಗೇ ಏರುತ್ತದೆ. ಅದನ್ನು ನಾನು ಕಳಿಸೋದನ್ನೇ ಬಿಟ್ಟಿದ್ದೇನೆ, ಪ್ರೋಬ್ ಹೇಳದ್ದನ್ನು ಅದೇನೂ ಹೇಳಲ್ಲ.

ಮೋಟಾರ್ ಸುಟ್ಟಿಲ್ಲ

ಈ ಗೊಂದಲ ಹಳೇದು. ರಕ್ತ ಸಾಲದೆ ಗುಂಡಿಗೆ ಸೋಲುತ್ತದೆ ಅಂತಲೇ ಮೊದಲು ಅಂದುಕೊಂಡಿದ್ದರು. 1984ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಮಾರ್ಗರೆಟ್ ಪಾರ್ಕರ್ ಮತ್ತು ಜೊತೆಯವರು ಸೆಪ್ಟಿಕ್ ಶಾಕ್ ಆಗಿದ್ದ 20 ಜನರ ಗುಂಡಿಗೆಯನ್ನು ದಿನದಿನವೂ ಅಳೆದರು. ಅರ್ಧ ಜನರಲ್ಲಿ ಇಎಫ್ ಶೇ. 40ಕ್ಕಿಂತ ಕೆಳಗೆ ಬಿದ್ದಿತ್ತು. ಬದುಕಿದವರಲ್ಲಿ 7ರಿಂದ 10 ದಿನದಲ್ಲಿ ಅದು ತಾನಾಗಿ ಮೊದಲಿನ ಹಾಗೆ ಆಯಿತು. ಎರಡು ವರ್ಷದ ನಂತರ ಅಲ್ಲಿನವರೇ ಕೊರೊನರಿ ಸೈನಸ್‌ಗೆ (ಗುಂಡಿಗೆ ಸ್ನಾಯುವಿನ ರಕ್ತ ವಾಪಸು ಹರಿಯುವ ನಾಳ) ಕ್ಯಾಥೆಟರ್ ಹಾಕಿ ನೋಡಿದರು. ಗುಂಡಿಗೆಗೆ ರಕ್ತ ಕಡಿಮೆಯೇನೂ ಹೋಗುತ್ತಿರಲಿಲ್ಲ. ಇದರ ನಡುವೆ, 1985ರಲ್ಲಿ, ಇಂಥ ರೋಗಿಗಳ ರಕ್ತದ ಸೀರಮ್ ಅನ್ನು ಇಲಿಮರಿಯ ಗುಂಡಿಗೆಯ ಕೋಶಗಳ ಮೇಲೆ ಹಾಕಿದ್ದರು. ತಟ್ಟೆಯಲ್ಲಿ ಬಡಿಯುತ್ತಿದ್ದ ಕೋಶಗಳು ಸೋತು ಮೆತ್ತಗಾದವು. ಅಂದರೆ ರಕ್ತದಲ್ಲೇ ಏನೋ ಇದೆ.

ಆ "ಏನೋ" ಒಂದೇ ವಸ್ತು ಅಲ್ಲ. ಟಿಎನ್‌ಎಫ್, ಇಂಟರ್‌ಲ್ಯೂಕಿನ್-1 ಥರದ ಉರಿಯೂತದ ರಾಸಾಯನಿಕಗಳು, ಮಿತಿಮೀರಿದ ನೈಟ್ರಿಕ್ ಆಕ್ಸೈಡ್, ಕೋಶದೊಳಗೆ ಕ್ಯಾಲ್ಸಿಯಂ ಓಡಾಟದ ಏರುಪೇರು, ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾ ಮಂಕಾಗೋದು, ಅಡ್ರಿನಲಿನ್‌ಗೆ ಓಗೊಡುವ ಬೀಟಾ ರಿಸೆಪ್ಟರ್‌ಗಳು ಕಿವುಡಾಗೋದು, ಎಲ್ಲ ಸೇರಿವೆ. ಶವಪರೀಕ್ಷೆಯಲ್ಲಿ ನೋಡಿದರೆ ಸತ್ತ ಸ್ನಾಯುಕೋಶಗಳು ಆಶ್ಚರ್ಯವಾಗುವಷ್ಟು ಕಡಿಮೆ. ಕಾಯಿಲ್ ಸುಟ್ಟಿಲ್ಲ, ಲೋ ವೋಲ್ಟೇಜ್‌ನಲ್ಲಿ ಮೋಟಾರ್ ಗುಂಯ್ ಅಂತಿದೆ, ನೀರು ಎತ್ತುತ್ತಿಲ್ಲ. ಅಂಥ ಮೋಟಾರಿಗೆ ಬಲವಂತ ಮಾಡಿದರೆ ಆಗ ನಿಜವಾಗಿಯೂ ಕಾಯಿಲ್ ಸುಡುತ್ತದೆ. ಔಷಧಿ ವಿಷಯಕ್ಕೆ ಬಂದಾಗ ಇದನ್ನು ನೆನಪಿಡಿ.

ಪಾರ್ಕರ್ ತಂಡದ ಲೆಕ್ಕದಲ್ಲಿ ಒಂದು ವಿಚಿತ್ರವೂ ಇತ್ತು: ಇಎಫ್ ಬಿದ್ದು ಗುಂಡಿಗೆ ಹಿಗ್ಗಿದವರೇ ಬದುಕಿದ್ದರು. ಆಮೇಲಿನ ಅಧ್ಯಯನಗಳೆಲ್ಲ ಇದನ್ನು ಒಪ್ಪಿಲ್ಲ. ಹಾಗಾಗಿ ಇಎಫ್ ಕಡಿಮೆ ಬಂದರೆ ಒಳ್ಳೆ ಶಕುನ ಅಂದುಕೊಳ್ಳಬೇಡಿ.

ಗುಂಡಿಗೆಯೇ, ಆದರೆ ಬೇರೆ ಕಾರಣಕ್ಕಾ?

ನಮ್ಮ ಕಡೆ ಇದು ದೊಡ್ಡ ಪ್ರಶ್ನೆ. ಮಳೆಗಾಲದಲ್ಲಿ ಜ್ವರ, ಶಾಕ್, ಸೋತ ಗುಂಡಿಗೆ ಮೂರೂ ಬಂದರೆ ಮೈ ಪೂರ್ತಿ ಹುಡುಕಿ. ಕಂಕುಳು, ತೊಡೆಸಂದು, ಸ್ತನದ ಕೆಳಗೆ, ಸೊಂಟದ ದಾರದ ಹತ್ತಿರ ಬೀಡಿಯಿಂದ ಸುಟ್ಟಂಥ ಕಪ್ಪು ಚಕ್ಕೆ ಸಿಕ್ಕರೆ ಸ್ಕ್ರಬ್ ಟೈಫಸ್ (ಸಣ್ಣ ನುಸಿ ಕಚ್ಚಿ ಬರುವ ಜ್ವರ). ಅದಕ್ಕೆ ಡಾಕ್ಸಿಸೈಕ್ಲಿನ್ ಬೇಕು. ಮೆರೊಪೆನೆಮ್ ಥರದ ದೊಡ್ಡ ಆಂಟಿಬಯಾಟಿಕ್ ಎಷ್ಟು ಹಾಕಿದರೂ ಕೇಳಲ್ಲ. ಕರಾವಳಿ, ಮಲೆನಾಡಿನಲ್ಲಿ ಗದ್ದೆ ಕೆಲಸ ಮಾಡಿದವರಿಗೆ ಕಣ್ಣು ಕೆಂಪು, ಕಾಮಾಲೆ, ಮೀನಖಂಡ ಮುಟ್ಟಿದರೆ ನೋವು ಇದ್ದರೆ ಇಲಿಜ್ವರ. ಡೆಂಗಿಯೂ ಗುಂಡಿಗೆಗೆ ಕೈ ಹಾಕುತ್ತದೆ. ಜ್ವರ ಇಳಿದ ಮೇಲೆ ಬಡಿತ ತೀರಾ ನಿಧಾನವಾಗಿದ್ದರೆ ಗಮನ ಕೊಡಿ.

ಕುಡಿತ ಜಾಸ್ತಿ ಇದ್ದವರು, ಊಟ ಬಿಟ್ಟವರು, ಬರೀ ಬಿಳಿ ಅನ್ನದಲ್ಲಿ ಇದ್ದವರಿಗೆ ಲ್ಯಾಕ್ಟೇಟ್ ಏರುತ್ತಲೇ ಹೋದರೆ ಥಯಾಮಿನ್ (ವಿಟಮಿನ್ ಬಿ1) ಇಂಜೆಕ್ಷನ್ ಕೊಡಿ. ಅಗ್ಗದ ಔಷಧಿ, ಕೊಟ್ಟು ನೋಡೋದರಲ್ಲಿ ನಷ್ಟವಿಲ್ಲ. ಅಯನೈಸ್ಡ್ ಕ್ಯಾಲ್ಸಿಯಂ, ಪೊಟ್ಯಾಶಿಯಂ, ಮೆಗ್ನೀಶಿಯಂ ನೋಡಿ. ಬಡಿತ ಇದ್ದಕ್ಕಿದ್ದ ಹಾಗೆ 150ಕ್ಕೆ ಹಾರಿ ಲಯ ತಪ್ಪಿದ್ದರೆ ಏಟ್ರಿಯಲ್ ಫಿಬ್ರಿಲೇಶನ್. ಸೆಪ್ಸಿಸ್‌ನಲ್ಲಿ ಇದು ಹೊಸದಾಗಿ ಶುರುವಾಗೋದುಂಟು. ಸೋತ ಗುಂಡಿಗೆಗೆ ಬಡಿತ ಇಳಿಸುವ ಡಿಲ್ಟಿಯಾಜೆಮ್ ಕೊಡಬೇಡಿ.

ಒಂದು ಬಲೆ ಮಾತ್ರ ನೆನಪಿಟ್ಟುಕೊಳ್ಳಿ. ಹಳೇ ಬಿಪಿ ಕಾಯಿಲೆಯ ವಯಸ್ಸಾದವರಲ್ಲಿ ಗುಂಡಿಗೆ ಗೋಡೆ ದಪ್ಪ, ಒಳಗೆ ಜಾಗ ಕಡಿಮೆ. ನೀರು ಆರಿದಾಗ ಅದು ಜೋರಾಗಿ ಒತ್ತಿ ಹೊರದಾರಿಯನ್ನು ತಾನೇ ಮುಚ್ಚಿಕೊಳ್ಳುತ್ತದೆ. ಇಲ್ಲಿ ಗುಂಡಿಗೆ ಜೋರಾಗಿ ಒತ್ತುವಂತೆ ಮಾಡುವ ಡೊಬುಟಮಿನ್ ಹಾಕಿದರೆ ಬಿಪಿ ಕಣ್ಣೆದುರೇ ಕುಸಿಯುತ್ತದೆ. ಪ್ರೋಬ್ ಇಡದೆ ಡೊಬುಟಮಿನ್ ಶುರು ಮಾಡಬೇಡಿ ಅನ್ನೋದು ಇದಕ್ಕೇ.

ರಿಪೇರಿ

ನೀರು ನಿಲ್ಲಿಸಿದೆವು. ಇದೇ ಮೊದಲ ಕೆಲಸ, ಮನಸ್ಸಿಗೆ ಕಷ್ಟವಾದರೂ. ಮೊದಲ 3 ಗಂಟೆಯಲ್ಲಿ ಕೆಜಿಗೆ 30 ಎಂಎಲ್ ಅನ್ನೋ ಲೆಕ್ಕ ಶುರುವಿಗೆ ಸರಿ, 60 ಕೆಜಿಗೆ 1,800 ಎಂಎಲ್. ಅದು ಎಂದೋ ಮುಗಿದಿತ್ತು.

ಡೊಬುಟಮಿನ್ ನಿಮಿಷಕ್ಕೆ ಕೆಜಿಗೆ 2.5 ಮೈಕ್ರೋಗ್ರಾಂನಿಂದ ಶುರು. 50 ಎಂಎಲ್‌ನಲ್ಲಿ 250 ಎಂಜಿ ಇದ್ದರೆ ನಮ್ಮ ರೋಗಿಗೆ ಗಂಟೆಗೆ 1.8 ಎಂಎಲ್. ನಾರ್‌ಅಡ್ ನಿಲ್ಲಿಸಬೇಡಿ; ಡೊಬುಟಮಿನ್ ನಾಳ ಸಡಿಲಿಸುತ್ತದೆ, ಶುರುವಿನಲ್ಲಿ ಬಿಪಿ ಸ್ವಲ್ಪ ಜಾರಬಹುದು. ಅರ್ಧ ಗಂಟೆಗೊಮ್ಮೆ ಬೆರಳು ಒತ್ತಿ, ವಿಟಿಐ ನೋಡಿ. ಕೈ ಬೆಚ್ಚಗಾಗಿ ಯೂರಿನ್ ಶುರುವಾದರೆ ಅಲ್ಲಿಗೆ ಡೋಸ್ ಏರಿಸೋದು ನಿಲ್ಲಿಸಿ. ಇಎಫ್ ಶೇ. 60 ಮಾಡಬೇಕು ಅಂತ ಹಟ ಬೇಡ. ಬಡಿತ 140 ದಾಟಿದರೆ, ಲಯ ತಪ್ಪಿದರೆ, ಅಥವಾ ಏರಿಸಿಯೂ ಏನೂ ಬದಲಾಗದಿದ್ದರೆ ಇಳಿಸಿ. ನಮ್ಮವರಿಗೆ ನಿಮಿಷಕ್ಕೆ ಕೆಜಿಗೆ 5 ಮೈಕ್ರೋಗ್ರಾಂನಲ್ಲಿ ವಿಟಿಐ 13ಕ್ಕೆ ಬಂತು, ಬೆರಳಿನ ಬಣ್ಣ 3 ಸೆಕೆಂಡಿನಲ್ಲಿ ಮರಳಿತು. ನಸುಕಿಗೆ ಚೀಲದಲ್ಲಿ 40 ಎಂಎಲ್ ಯೂರಿನ್. ಸಿಸ್ಟರ್ ಅದನ್ನು ಎತ್ತಿ ತೋರಿಸಿದ ರೀತಿ ನೋಡಬೇಕಿತ್ತು.

ಡೊಬುಟಮಿನ್ ಇಲ್ಲದ ಕಡೆ ಅಡ್ರಿನಲಿನ್ ಒಂದನ್ನೇ ನಡೆಸಬಹುದು. ಆದರೆ ಅಡ್ರಿನಲಿನ್ ತಾನೇ ಲ್ಯಾಕ್ಟೇಟ್ ಏರಿಸುತ್ತದೆ. ಕೈ ಬೆಚ್ಚಗಾಗುತ್ತಿದ್ದು ಲ್ಯಾಕ್ಟೇಟ್ ಮಾತ್ರ ಏರಿದರೆ ಗಾಬರಿಯಾಗಿ ಬಾಟಲಿ ಹಾಕಬೇಡಿ. ನಾರ್‌ಅಡ್ ನಿಮಿಷಕ್ಕೆ ಕೆಜಿಗೆ 0.25 ಮೈಕ್ರೋಗ್ರಾಂ ದಾಟಿ 4 ಗಂಟೆ ಆಗಿದ್ದರೆ ಹೈಡ್ರೊಕಾರ್ಟಿಸೋನ್ (ಸ್ಟಿರಾಯ್ಡ್) ದಿನಕ್ಕೆ 200 ಎಂಜಿ. ಗುಂಡಿಗೆಗೆ ಬಲ ಕೊಡುವ ಇನ್ನೊಂದು ಔಷಧಿ ಲೆವೊಸಿಮೆಂಡಾನ್ ಬೇಡ: 2016ರಲ್ಲಿ 500ಕ್ಕೂ ಹೆಚ್ಚು ರೋಗಿಗಳಲ್ಲಿ ನೋಡಿದಾಗ ಲಾಭ ಕಾಣಲಿಲ್ಲ, ಲಯ ತಪ್ಪೋದು ಜಾಸ್ತಿಯಾಯಿತು. ಬಡಿತ ಇಳಿಸೋಕೆ ಬೀಟಾ ಬ್ಲಾಕರ್ ಕೊಡೋ ಆಸೆಯೂ ಬೇಡ. 2023ರ ಬ್ರಿಟನ್ ಅಧ್ಯಯನವನ್ನು ಹಾನಿಯ ಸುಳಿವು ಕಂಡು ನಡುವೆಯೇ ನಿಲ್ಲಿಸಿದರು.

ಉಸಿರಾಟಕ್ಕೆ ಟ್ಯೂಬ್ ಹಾಕಬೇಕಾದರೆ ಮಂಪರು ತರಿಸುವ ಪ್ರೊಪೊಫಾಲ್ ತುಂಬಿದ ಸಿರಿಂಜ್ ಪಕ್ಕಕ್ಕಿಡಿ. ಇಂಥ ಗುಂಡಿಗೆ ಒಂದೇ ಪುಶ್‌ಗೆ ನಿಂತುಬಿಡಬಹುದು.

ಇಷ್ಟೆಲ್ಲ ಮಾಡಿದರೂ ಕೀವು ಒಳಗೇ ಇದ್ದರೆ ಮೋಟಾರಿಗೆ ವೋಲ್ಟೇಜ್ ಬರಲ್ಲ. ನಮ್ಮ ರೋಗಿಗೆ ಬೆಳಗ್ಗೆ ಸ್ಕ್ಯಾನ್ ಮಾಡಿದಾಗ ಎಡ ಕಿಡ್ನಿ ಕಲ್ಲಿನಿಂದ ಕಟ್ಟಿ ಊದಿತ್ತು. ಯುರಾಲಜಿಯವರು ಸ್ಟೆಂಟ್ ಹಾಕಿದರು, ಕೀವು ಮಿಶ್ರಿತ ಮೂತ್ರ ಹರಿಯಿತು. ಡೊಬುಟಮಿನ್ ಇಳಿಯೋಕೆ ಶುರುವಾಗಿದ್ದು ಅದಾದ ಮೇಲೆಯೇ. ಈ ಸ್ಕ್ಯಾನ್ ಸಂಜೆಯೇ ಆಗಬೇಕಿತ್ತು.

ಎಂಟನೇ ದಿನ ಇಎಫ್ ಶೇ. 55. ಡಿಸ್‌ಚಾರ್ಜ್ ದಿನ ಮಗ ಬಂದು, "ಸರ್, ಅಮ್ಮನಿಗೆ ಸ್ಟೆಂಟ್ ಹಾಕಿದ್ದಾರಲ್ವಾ, ಹಾರ್ಟಿಗೆ?" ಅಂತ ಕೇಳಿದ. ಕಿಡ್ನಿ ಸ್ಟೆಂಟ್, ಕೇಸ್ ಶೀಟಿನ ಹಾರ್ಟ್ ಅಟ್ಯಾಕ್, ಎರಡೂ ಸೇರಿ ಅವನ ತಲೆಯಲ್ಲಿ ಬೇರೆಯೇ ಕತೆ ಆಗಿತ್ತು. ಕೂರಿಸಿ ಹೇಳಿದೆ. ಸಮ್ಮರಿಯಿಂದ ಆ ಸಾಲು ತೆಗೆದು, "ಸೆಪ್ಸಿಸ್‌ನಿಂದ ಗುಂಡಿಗೆ ಸ್ನಾಯು ಸೋತಿತ್ತು, ಈಗ ಸರಿಯಾಗಿದೆ, ಮೂರು ತಿಂಗಳಿಗೆ ಮತ್ತೆ ಎಕೋ, ಕಿಡ್ನಿ ಸ್ಟೆಂಟ್ ತೆಗೆಸಲು ಯುರಾಲಜಿ" ಅಂತ ಕನ್ನಡದಲ್ಲೂ ಬರೆದುಕೊಟ್ಟೆ. ಮಗ ಅದನ್ನು ಎರಡು ಸಲ ಓದಿ, ಮಡಚಿ ಜೇಬಿಗೆ ಇಟ್ಟುಕೊಂಡ.